ಹೊಲದ ನೀರು, ಹೊಳೆಯ ಉಪ್ಪು



ಹೊಳೆ ಕೆಟ್ಟಿದೆ ಎಂದ ಕೂಡಲೇ ನಮ್ಮ ಬೆರಳು ಕಾರ್ಖಾನೆಯ ಕೊಳವೆಯ ಕಡೆಗೋ ಪಟ್ಟಣದ ಚರಂಡಿಯ ಕಡೆಗೋ ಹೋಗುತ್ತದೆ. ಅವು ಕಣ್ಣಿಗೆ ಕಾಣುತ್ತವೆ, ಮೂಗಿಗೂ ಬಡಿಯುತ್ತವೆ. ಇವತ್ತು ನಾನು ಹೇಳಹೊರಟಿರುವ ಕೇಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಹೊಳೆಗೆ ಬಂದು ಸೇರುವುದು ಹಚ್ಚಗೆ ಬೆಳೆದು ನಿಂತ ಹೊಲಗಳ ಅಡಿಯಿಂದ. ಅದೇ ಉಪ್ಪು. ಹೊಲಕ್ಕೆ ಹಾಯಿಸಿದ ನೀರು ಹೊಳೆಗೆ ಉಪ್ಪು ಹೊತ್ತು ತರುವುದು ಹೇಗೆ, ಅದನ್ನು ಹೊಲದಲ್ಲೇ ತಡೆಯುವುದು ಹೇಗೆ ಎಂಬುದನ್ನು ಅಮೆರಿಕದ ಕೊಲರಾಡೊ ನದಿಯ ಕಥೆಯಲ್ಲಿ ನೋಡೋಣ. ನದಿ ದೂರದ್ದು. ಆದರೆ ತುಂಗಭದ್ರೆಯ, ಕೃಷ್ಣೆಯ ಅಚ್ಚುಕಟ್ಟಿನಲ್ಲಿ ಕೂತು ಕೇಳುತ್ತಿರುವವರಿಗೆ ಅದರ ಕಷ್ಟ ಹೊಸದೆನಿಸಲಾರದು.

ಕೊಲರಾಡೊ ನದಿ ರಾಕಿ ಪರ್ವತಗಳ ಹಿಮದಲ್ಲಿ ಹುಟ್ಟಿ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಮೆಕ್ಸಿಕೊ ದೇಶದ ಗಡಿ ದಾಟುತ್ತದೆ. ಅಮೆರಿಕದ ಏಳು ರಾಜ್ಯಗಳು ಇದರ ಕಣಿವೆಯಲ್ಲಿವೆ. ಲಾಸ್ ವೇಗಸ್, ಫೀನಿಕ್ಸ್, ಲಾಸ್ ಏಂಜಲಿಸ್‌ನಂಥ ಊರುಗಳು ಸೇರಿ ಸುಮಾರು ನಾಲ್ಕು ಕೋಟಿ ಜನ ಈ ನೀರನ್ನು ನೆಚ್ಚಿದ್ದಾರೆ. ಹೀಗಿದ್ದರೂ ನದಿಯ ನೀರಿನಲ್ಲಿ ದೊಡ್ಡ ಪಾಲು ಹೋಗುವುದು ಹೊಲಗಳಿಗೇ: ಕುದುರೆ ಮೆಂತೆ, ಹತ್ತಿ, ಗೋಧಿ, ಚಳಿಗಾಲದ ತರಕಾರಿ.

ಹುಟ್ಟುವ ಜಾಗದಲ್ಲಿ ಈ ನದಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ ಸುಮಾರು 50 ಮಿಲಿಗ್ರಾಂ. ಮೆಕ್ಸಿಕೊ ಗಡಿಯ ಹತ್ತಿರದ ಇಂಪೀರಿಯಲ್ ಅಣೆಕಟ್ಟಿಗೆ ಬರುವ ಹೊತ್ತಿಗೆ ಅದು 700 ಮಿಲಿಗ್ರಾಂ ಆಸುಪಾಸು ಮುಟ್ಟಿರುತ್ತದೆ. ನಡುವೆ ಇರುವ ಹೂವರ್ ಅಣೆಕಟ್ಟನ್ನು ವರ್ಷಕ್ಕೆ ಸುಮಾರು 90 ಲಕ್ಷ ಟನ್ ಉಪ್ಪು ನೀರಿನಲ್ಲಿ ಕರಗಿಕೊಂಡು ದಾಟಿ ಹೋಗುತ್ತಿತ್ತೆಂದು ಲೆಕ್ಕ.

ಇಷ್ಟು ಉಪ್ಪು ಎಲ್ಲಿಂದ ಬಂತು? ಎಂಟು ಒಂಬತ್ತು ಕೋಟಿ ವರ್ಷಗಳ ಹಿಂದೆ ಆ ಪ್ರದೇಶದ ಬಹುಭಾಗ ಸಮುದ್ರದ ಅಡಿಯಲ್ಲಿತ್ತು. ಸಮುದ್ರದ ತಳದ ಕೆಸರು ಗಟ್ಟಿಯಾಗಿ ಬೂದುಬಣ್ಣದ ಪದರುಗಲ್ಲಾಯಿತು. ಅದಕ್ಕೆ ಮ್ಯಾಂಕೋಸ್ ಶೇಲ್ ಎಂದು ಹೆಸರು. ಸಮುದ್ರ ಹಿಂದೆ ಸರಿದರೂ ಅದರ ಉಪ್ಪು ಆ ಕಲ್ಲಿನೊಳಗೆ ಉಳಿದುಕೊಂಡಿತು. ಮಳೆಗೆ, ಬುಗ್ಗೆಗಳಿಗೆ ಸಿಕ್ಕಿ ಸ್ವಲ್ಪ ಸ್ವಲ್ಪವೇ ಕರಗಿ ನದಿಗೆ ಇಳಿಯುತ್ತಿತ್ತು. ಮನುಷ್ಯ ಅಲ್ಲಿಗೆ ಕಾಲಿಡದಿದ್ದರೂ ಕೊಲರಾಡೊ ಉಪ್ಪಿನ ನದಿಯೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿದ ಲೆಕ್ಕದಂತೆ, ಹೂವರ್ ಅಣೆಕಟ್ಟಿನ ಬಳಿ ಕಾಣುವ ಉಪ್ಪಿನ ಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಕಾರಣ ನಿಸರ್ಗ. ಶೇಕಡಾ 37ರಷ್ಟಕ್ಕೆ ನೀರಾವರಿ ಕಾರಣ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಜಲಾಶಯಗಳಿಂದ ನೀರು ಆವಿಯಾಗಿ ಹೋಗುವುದರದ್ದು. ಊರು ಮತ್ತು ಕೈಗಾರಿಕೆಗಳ ಪಾಲು ಬಹಳ ಸಣ್ಣದು.

ನೀರಾವರಿ ಎರಡು ದಾರಿಯಲ್ಲಿ ಹೊಳೆಯ ಉಪ್ಪನ್ನು ಹೆಚ್ಚಿಸುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಮೊದಲನೆಯದು ಗಟ್ಟಿಯಾಗುವುದು. ಬೆಳೆ ನೀರು ಕುಡಿಯುತ್ತದೆ, ಉಪ್ಪನ್ನು ಬಹುಪಾಲು ಮಣ್ಣಿನಲ್ಲೇ ಬಿಡುತ್ತದೆ. ಲೀಟರಿಗೆ 800 ಮಿಲಿಗ್ರಾಂ ಉಪ್ಪಿರುವ ನೀರನ್ನು ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ಹಾಯಿಸಿದಿರಿ ಅನ್ನಿ. ನೀವೇ ಗುಣಿಸಿ ನೋಡಿ, ಆ ಎಕರೆಗೆ ಮೂರು ಟನ್ನಿಗಿಂತ ಹೆಚ್ಚು ಉಪ್ಪು ಬಂದು ಬಿದ್ದಿರುತ್ತದೆ. ನೀರು ಎಲೆಗಳ ಮೂಲಕ ಗಾಳಿಗೆ ಹೋಯಿತು. ಉಪ್ಪು ಬೇರಿನ ಸುತ್ತ ಕೂತಿತು. ಬಸಿದು ಹೊಳೆಗೆ ಮರಳುವ ಅಲ್ಪಸ್ವಲ್ಪ ನೀರು ಆ ಉಪ್ಪನ್ನೆಲ್ಲ ಹೊತ್ತು ಹೋಗಬೇಕು.

ಎರಡನೆಯದು ಹೊಸ ಉಪ್ಪನ್ನು ಎತ್ತಿಕೊಂಡು ಬರುವುದು. ಬೆಳೆಗೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಬಿಟ್ಟಾಗ ಅದು ಬೇರನ್ನು ದಾಟಿ ಕೆಳಗಿನ ಕಲ್ಲಿಗೆ ಇಳಿಯುತ್ತದೆ. ಫಿಲ್ಟರಿನ ಕಾಫಿಪುಡಿಯ ಮೇಲೆ ಸುರಿದ ನೀರು ಡಿಕಾಕ್ಷನ್ ಆಗಿ ಇಳಿಯುವಂತೆ, ಹೊಲದ ನೀರು ಆ ಪದರುಗಲ್ಲಿನ ಮೂಲಕ ಉಪ್ಪಿನ ಕಷಾಯವಾಗಿ ಹೊಳೆಗೆ ಇಳಿಯುತ್ತದೆ. ವ್ಯತ್ಯಾಸ ಇಷ್ಟೇ: ಕಾಫಿಪುಡಿ ಎರಡು ಸಲಕ್ಕೆ ಸಾರ ಕಳೆದುಕೊಳ್ಳುತ್ತದೆ, ನೂರಾರು ಮೀಟರ್ ದಪ್ಪದ ಆ ಕಲ್ಲು ನಮ್ಮ ಕಾಲದಲ್ಲಿ ಬರಿದಾಗುವುದಿಲ್ಲ. ಮಣ್ಣಿನ ಕಾಲುವೆಯಿಂದ ಜಿನುಗುವ ನೀರೂ ಇದೇ ಕೆಲಸ ಮಾಡುತ್ತದೆ, ಅದೂ ಹಗಲು ರಾತ್ರಿ.

ಈ ವಿಷಯ ಎರಡು ದೇಶಗಳ ಜಗಳವಾಗಿ ಬೆಳೆದದ್ದು 1961ರಲ್ಲಿ. 1944ರ ಒಪ್ಪಂದದಂತೆ ಅಮೆರಿಕ ಪ್ರತಿವರ್ಷ ಮೆಕ್ಸಿಕೊಗೆ 15 ಲಕ್ಷ ಎಕರೆ-ಅಡಿ ನೀರು ಬಿಡಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು 65 ಟಿಎಂಸಿ. ಎಷ್ಟು ನೀರು ಎಂಬುದು ಒಪ್ಪಂದದಲ್ಲಿತ್ತು, ಎಂಥ ನೀರು ಎಂಬುದರ ಬಗ್ಗೆ ಸ್ಪಷ್ಟ ಮಾತಿರಲಿಲ್ಲ. ಅರಿಜೋನಾ ರಾಜ್ಯದಲ್ಲಿ ವೆಲ್ಟನ್-ಮೊಹಾಕ್ ಎಂಬ ನೀರಾವರಿ ಪ್ರದೇಶವಿದೆ. ಅಲ್ಲಿನ ರೈತರು ಮೊದಲು ಬಾವಿಯ ನೀರಿನಿಂದ ಬೆಳೆಯುತ್ತಿದ್ದರು. ಆ ನೀರು ಉಪ್ಪಾಯಿತು. 1952ರಲ್ಲಿ ಕೊಲರಾಡೊ ಕಾಲುವೆ ನೀರು ಬಂತು. ಕೆಲವೇ ವರ್ಷಗಳಲ್ಲಿ ಅಂತರ್ಜಲ ಮೇಲೇರಿ ಹೊಲಗಳು ಜವಳು ಹಿಡಿದವು. ಬೆಳೆ ಉಳಿಸಿಕೊಳ್ಳಲು ಅವರು ಬಸಿನೀರಿನ ಕೊಳವೆಬಾವಿಗಳನ್ನು ತೋಡಿ, ನೆಲದಡಿಯ ಉಪ್ಪುನೀರನ್ನು ಎತ್ತಿ ನದಿಗೆ ಬಿಟ್ಟರು. ಆ ನೀರಿನಲ್ಲಿ ಲೀಟರಿಗೆ ಸುಮಾರು 6,000 ಮಿಲಿಗ್ರಾಂ ಉಪ್ಪಿತ್ತು.

ಗಡಿಯಾಚೆ ಮೆಕ್ಸಿಕಾಲಿ ಕಣಿವೆಯ ರೈತರಿಗೆ ಬರುತ್ತಿದ್ದ ನೀರಿನ ಉಪ್ಪು ಲೀಟರಿಗೆ 800ರಿಂದ ಏರಿ ಒಂದು ಹಂತದಲ್ಲಿ 2,700 ಮಿಲಿಗ್ರಾಂ ತಲುಪಿತು. ಹೊಲಗಳು ಹಾಳಾದವು, ಪ್ರತಿಭಟನೆ ಎದ್ದಿತು. ಒಂದು ಕಡೆಯ ರೈತ ತನ್ನ ಭೂಮಿಯನ್ನು ಉಪ್ಪಿನಿಂದ ಪಾರುಮಾಡಿದ್ದೇ ಕೆಳಗಿನ ರೈತನ ಭೂಮಿಗೆ ಮಾರಕವಾಯಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಬಸಿನೀರಿಗೆ ಹೋಗಲು ಬೇರೆ ದಾರಿ ಇರಲಿಲ್ಲ, ಅಷ್ಟೇ.

1972ರಲ್ಲಿ ಮೆಕ್ಸಿಕೊ ಅಧ್ಯಕ್ಷ ಲೂಯಿಸ್ ಎಚೆವೆರ್ರಿಯಾ ಅಮೆರಿಕದ ಸಂಸತ್ತಿನ ಮುಂದೆ ನಿಂತು ಈ ಉಪ್ಪಿನ ಪ್ರಶ್ನೆ ಎತ್ತಿದರು. ಮರುವರ್ಷ ಆಗಸ್ಟಿನಲ್ಲಿ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಮೆಕ್ಸಿಕೊಗೆ ಬಿಡುವ ನೀರಿನ ಉಪ್ಪು, ಅಮೆರಿಕದೊಳಗೆ ನೀರು ತಿರುಗಿಸುವ ಕೊನೆಯ ದೊಡ್ಡ ತಾಣವಾದ ಇಂಪೀರಿಯಲ್ ಅಣೆಕಟ್ಟಿನ ನೀರಿನ ಉಪ್ಪಿಗಿಂತ ಸರಾಸರಿ 115 ಮಿಲಿಗ್ರಾಂಗಿಂತ ಹೆಚ್ಚಿರಬಾರದು, 30 ಮಿಲಿಗ್ರಾಂ ಆಚೀಚೆ ಆಗಬಹುದು. 1974ರ ಜೂನಿನಲ್ಲಿ ಅಮೆರಿಕ ಇದಕ್ಕಾಗಿಯೇ ಒಂದು ಕಾಯಿದೆ ತಂದಿತು: ಕೊಲರಾಡೊ ಕಣಿವೆಯ ಲವಣ ನಿಯಂತ್ರಣ ಕಾಯಿದೆ.

ಕಾಯಿದೆ ಬಂದ ಮೇಲೆ ಮೊದಲು ಎಲ್ಲರ ಕಣ್ಣು ಬಿದ್ದದ್ದು ದೊಡ್ಡ ಯಂತ್ರದ ಮೇಲೆ. ಯೂಮಾ ಎಂಬ ಊರಿನಲ್ಲಿ ವೆಲ್ಟನ್-ಮೊಹಾಕ್‌ನ ಬಸಿನೀರನ್ನು ಸಿಹಿಮಾಡುವ ಭಾರೀ ಸ್ಥಾವರವನ್ನು ಸುಮಾರು 25 ಕೋಟಿ ಡಾಲರ್ ವೆಚ್ಚದಲ್ಲಿ ಕಟ್ಟಿದರು. ನಮ್ಮ ಮನೆಗಳಲ್ಲಿ ಆರ್‌ಓ ಎಂದು ಕರೆಯುತ್ತೇವಲ್ಲ, ಅದೇ ತಂತ್ರ, ದಿನಕ್ಕೆ ಸುಮಾರು 27 ಕೋಟಿ ಲೀಟರಿನ ಅಳತೆಯಲ್ಲಿ. ಅದು 1992ರಲ್ಲಿ ಸಿದ್ಧವಾಯಿತು. ಮೂರರಲ್ಲಿ ಒಂದು ಪಾಲು ಸಾಮರ್ಥ್ಯದಲ್ಲಿ ಕೆಲವು ತಿಂಗಳು ಓಡಿತು. 1993ರಲ್ಲಿ ಗಿಲಾ ನದಿಯ ನೆರೆ ಬಸಿಗಾಲುವೆಗಳನ್ನು ಕೆಡಿಸಿದಾಗ ನಿಂತಿತು. 2007ರ ಮತ್ತು 2010-11ರ ಪ್ರಾಯೋಗಿಕ ಓಟಗಳನ್ನು ಬಿಟ್ಟರೆ ಅದು ಹೆಚ್ಚುಕಡಿಮೆ ಸುಮ್ಮನೇ ನಿಂತಿದೆ. ಬಸಿನೀರನ್ನು ನದಿಗೆ ಸೇರಿಸದೆ ಪ್ರತ್ಯೇಕ ಕಾಲುವೆಯಲ್ಲಿ ಮೆಕ್ಸಿಕೊದ ಮುಖಜಭೂಮಿಗೆ ಸಾಗಿಸುವುದು ಅಗ್ಗವಾಗಿ ಕಂಡಿತು. ಹಾಗೆ ಹರಿದುಹೋದ ನೀರು ಒಣಗಿದ್ದ ಬಯಲಿನಲ್ಲಿ ನಿಂತು ಸಿಯೆನೆಗಾ ಡಿ ಸಾಂತಾ ಕ್ಲಾರಾ ಎಂಬ ಸಾವಿರಾರು ಎಕರೆಯ ಜೌಗಾಗಿ, ಅಪರೂಪದ ಹಕ್ಕಿಗಳ ನೆಲೆಯಾಯಿತು. ಈಗ ಸ್ಥಾವರವನ್ನು ಮತ್ತೆ ಓಡಿಸುವ ಮಾತು ಬಂದರೆ, ಆ ಜೌಗಿನ ಗತಿಯೇನು ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ.

ಇನ್ನೊಂದು ಯಂತ್ರೋಪಾಯ ಕೊಲರಾಡೊ ರಾಜ್ಯದ ಪ್ಯಾರಡಾಕ್ಸ್ ಕಣಿವೆಯಲ್ಲಿ ನಡೆಯಿತು. ಅಲ್ಲಿ ಡೊಲೋರೆಸ್ ಉಪನದಿಗೆ ನೆಲದಡಿಯಿಂದ ಅತಿ ಗಾಢವಾದ ಉಪ್ಪುನೀರು ಜಿನುಗುತ್ತದೆ. ಅದನ್ನು ನದಿ ಸೇರುವ ಮೊದಲೇ ಎತ್ತಿ, ನಾಲ್ಕು ಕಿಲೋಮೀಟರಿಗಿಂತ ಆಳದ ಬಾವಿಯೊಳಕ್ಕೆ ಒತ್ತಡದಿಂದ ತುಂಬಿದರು. ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಉಪ್ಪು ಹೀಗೆ ತಪ್ಪಿತು. ಆದರೆ ಒತ್ತಡದಿಂದ ನೆಲ ನಡುಗಲು ಶುರುವಾಯಿತು. 2019ರ ಮಾರ್ಚಿನಲ್ಲಿ 4.5 ತೀವ್ರತೆಯ ಭೂಕಂಪವಾದ ಮೇಲೆ ಬಾವಿಯನ್ನು ನಿಲ್ಲಿಸಬೇಕಾಯಿತು.

ಇವೆರಡರ ಪಕ್ಕದಲ್ಲಿ, ಸದ್ದಿಲ್ಲದೆ, ಹೊಲಗಳಲ್ಲಿ ನಡೆದ ಕೆಲಸವನ್ನು ನೋಡಿ. ಗ್ರ್ಯಾಂಡ್ ವ್ಯಾಲಿ ಎಂಬ ಕಣಿವೆ ಕೊಲರಾಡೊ ರಾಜ್ಯದ ಪಶ್ಚಿಮದಲ್ಲಿದೆ. ಪ್ಯಾಲಿಸೇಡ್ ಎಂಬ ಊರಿನ ಪೀಚ್ ಹಣ್ಣಿಗೆ ಅದು ಹೆಸರುವಾಸಿ. 1880ರ ದಶಕದಿಂದಲೇ ಅಲ್ಲಿ ಕಾಲುವೆ ನೀರಾವರಿಯಿದೆ. ಹೊಲಗಳ ಅಡಿಯಲ್ಲಿರುವುದು ಅದೇ ಮ್ಯಾಂಕೋಸ್ ಕಲ್ಲು. ಆ ಒಂದೇ ಕಣಿವೆ ವರ್ಷಕ್ಕೆ 5 ಲಕ್ಷ 80 ಸಾವಿರ ಟನ್ನಿನಷ್ಟು ಉಪ್ಪನ್ನು ನದಿಗೆ ಸೇರಿಸುತ್ತಿತ್ತೆಂದು ಅಂದಾಜು. ಕಾರಣ ಎರಡು: ಸೋರುವ ಕಾಲುವೆ, ಅತಿಯಾಗಿ ಕುಡಿಯುವ ಹೊಲ.

1980ರ ದಶಕದಿಂದ ಮೇಲೆ ಅಲ್ಲಿ ಮಾಡಿದ್ದು ಇದು. ಮುಖ್ಯ ಕಾಲುವೆಯ ಸೋರುವ ಭಾಗಗಳಿಗೆ ಒಳಹೊದಿಕೆ ಹಾಕಿದರು. ಹೊಲಗಳ ನಡುವೆ ಹಾಯುತ್ತಿದ್ದ ಮಣ್ಣಿನ ಉಪಕಾಲುವೆಗಳನ್ನು ಮುಚ್ಚಿ, ನೆಲದಡಿ ಪೈಪು ಹೂತರು. ಹೊಲದ ತಲೆಗೆ ತೆರೆದ ಕಾಲುವೆಯ ಬದಲು, ಪ್ರತಿ ಸಾಲಿಗೊಂದು ಸಣ್ಣ ಬಾಗಿಲಿರುವ ಪೈಪು ಬಂತು. ರೈತ ಯಾವ ಸಾಲಿಗೆ ಎಷ್ಟು ನೀರು ಎಂಬುದನ್ನು ಬೆರಳಿನಿಂದಲೇ ಹೊಂದಿಸಬಹುದಾಯಿತು. ಹಣ್ಣಿನ ತೋಟಗಳಿಗೆ, ದ್ರಾಕ್ಷಿಗೆ ಹನಿ ನೀರಾವರಿ ಹೊಂದಿತು. ಕೊಲರಾಡೊ ನದಿ ಕಣಿವೆಯ ಮೇಲ್ಭಾಗಕ್ಕೆ ಸೇರಿದ ಯೂಟಾ ರಾಜ್ಯದ ಹೊಲಗಳಲ್ಲಿ ತುಂತುರು ನೀರಾವರಿ ಹರಡಿತು.

ಸಾಲಿನಲ್ಲಿ ನೀರು ಹಾಯಿಸುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸಾಲಿನ ಬಾಲಕ್ಕೆ ನೀರು ಮುಟ್ಟುವ ಹೊತ್ತಿಗೆ ತಲೆಯ ಕಡೆಯ ಮಣ್ಣು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಕುಡಿದಿರುತ್ತದೆ. ಇದಕ್ಕೆ ಅವರು ಹಿಡಿದ ಉಪಾಯ ಸರಳ. ನೀರನ್ನು ಒಂದೇ ಸಮನೆ ಬಿಡದೆ, ಒಂದು ಕವಾಟದ ಮೂಲಕ ಸ್ವಲ್ಪ ಹೊತ್ತು ಎಡಗಡೆಯ ಸಾಲುಗಳಿಗೆ, ಸ್ವಲ್ಪ ಹೊತ್ತು ಬಲಗಡೆಯ ಸಾಲುಗಳಿಗೆ ಅಲೆ ಅಲೆಯಾಗಿ ಬಿಡುವುದು. ಮೊದಲ ಅಲೆಗೆ ನೆನೆದ ಮಣ್ಣಿನ ಮೇಲ್ಪದರ ಬಿಡುವಿನಲ್ಲಿ ಕೂತು ಬಿಗಿಯಾಗುತ್ತದೆ. ಮುಂದಿನ ಅಲೆ ಅದರ ಮೇಲೆ ಜಾರಿ ಬೇಗ ಬಾಲ ಮುಟ್ಟುತ್ತದೆ. ತಲೆಯಲ್ಲಿ ಆಳಕ್ಕೆ ಇಂಗುವುದು ಕಡಿಮೆಯಾಗುತ್ತದೆ, ಬೆಳೆ ಸಮನಾಗಿ ಬರುತ್ತದೆ. ಇಂಗುವ ನೀರು ಕಡಿಮೆಯಾದಷ್ಟೂ ಕಲ್ಲಿನಿಂದ ಬರುವ ಉಪ್ಪು ಕಡಿಮೆ.

ಮುಖ್ಯ ಕಾಲುವೆಯ ಆಡಳಿತದಲ್ಲೂ ಬದಲಾವಣೆಯಾಯಿತು. ಹಿಂದೆ ಕಾಲುವೆಯ ನೀರಿನ ಮಟ್ಟ ತೂಬುಗಳಿಗೆ ಎಟುಕಬೇಕೆಂದು, ಬೇಕಿರಲಿ ಬೇಡವಿರಲಿ, ತುಂಬ ಹರಿಸಬೇಕಾಗುತ್ತಿತ್ತು. ಅಡ್ಡ ಬಾಗಿಲುಗಳನ್ನು ಕಟ್ಟಿ ಮಟ್ಟ ಕಾಯ್ದುಕೊಂಡ ಮೇಲೆ ಕಡಿಮೆ ನೀರಿನಲ್ಲೇ ಎಲ್ಲ ತೂಬುಗಳೂ ಓಡಿದವು. ಹಾಗೆ ಉಳಿದ ನೀರನ್ನು ಅಲ್ಲಿನ ನದಿಯಲ್ಲೇ ಬಿಟ್ಟು, ಅಳಿವಿನಂಚಿನ ಮೀನುಗಳಿಗೆ ಆಸರೆ ಮಾಡಿದರು. ವೆಲ್ಟನ್-ಮೊಹಾಕ್‌ನಲ್ಲೂ ಅಷ್ಟೇ: ಲೇಸರ್ ಯಂತ್ರದಿಂದ ಹೊಲ ಮಟ್ಟ ಮಾಡಿದ್ದು, ಒಂದಷ್ಟು ಜಮೀನನ್ನು ನೀರಾವರಿಯಿಂದ ಬಿಡಿಸಿದ್ದು ಬಸಿನೀರನ್ನೇ ಇಳಿಸಿದವು. ಯೂಮಾದ ಸ್ಥಾವರ ಸಿಹಿಮಾಡಬೇಕಿದ್ದ ನೀರಿನಲ್ಲಿ ಒಂದು ಪಾಲು ಹುಟ್ಟಲೇ ಇಲ್ಲ.

ಕೊಲರಾಡೊ ನದಿ ಕಣಿವೆಯುದ್ದಕ್ಕೂ ಈ ಎಲ್ಲ ಕೆಲಸಗಳು ಸೇರಿ ವರ್ಷಕ್ಕೆ 12 ಲಕ್ಷ ಟನ್ನಿಗೂ ಹೆಚ್ಚು ಉಪ್ಪು ನದಿಗೆ ಸೇರದಂತೆ ತಡೆದಿವೆ ಎಂದು ಕಾರ್ಯಕ್ರಮ ನಡೆಸುವ ಸಂಸ್ಥೆಗಳ ಲೆಕ್ಕ. 1970ರ ದಶಕದಲ್ಲಿ ಹೂವರ್ ಅಣೆಕಟ್ಟಿನ ಕೆಳಗೆ ಲೀಟರಿಗೆ 723, ಇಂಪೀರಿಯಲ್‌ನಲ್ಲಿ 879 ಮಿಲಿಗ್ರಾಂ ಎಂದು ಗೆರೆ ಎಳೆದರು. ಆಮೇಲೆ ಹೊಸ ನಗರಗಳು ಬೆಳೆದವು, ಬರಗಾಲಗಳು ಬಂದವು. ಆದರೂ ಉಪ್ಪು ಆ ಗೆರೆಯ ಒಳಗೇ ಉಳಿದಿದೆ.

ಈಗ ಒಂದು ಪ್ರಶ್ನೆ. ಗ್ರ್ಯಾಂಡ್ ವ್ಯಾಲಿಯ ರೈತನಿಗೆ ಇದರಿಂದ ಏನು ಲಾಭ? ಅವನ ಕಾಲುವೆಗೆ ಬರುವ ನೀರು ಮೊದಲೇ ಸಿಹಿ. ಉಪ್ಪಿನ ನಷ್ಟ ಆಗುವುದು ಸಾವಿರ ಕಿಲೋಮೀಟರ್ ಕೆಳಗೆ: ಕ್ಯಾಲಿಫೋರ್ನಿಯಾದ ತರಕಾರಿ ಬೆಳೆಗಾರನಿಗೆ, ಕೊಳಾಯಿ ಬೇಗ ತುಕ್ಕು ಹಿಡಿಯುವ ನಗರದ ಮನೆಯವನಿಗೆ, ಮೆಕ್ಸಿಕಾಲಿಯ ಹತ್ತಿ ರೈತನಿಗೆ. ಆ ನಷ್ಟ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್. ಲಾಭ ಕೆಳಗಿನವರದ್ದು, ಖರ್ಚು ಮೇಲಿನವನದ್ದು ಎಂದಾದರೆ ಯಾವ ರೈತನೂ ಪೈಪು ಹೂಳುವುದಿಲ್ಲ. ಅದನ್ನು ಒಪ್ಪಿಕೊಂಡದ್ದೇ ಆ ಕಾರ್ಯಕ್ರಮದ ಜಾಣತನ. ಖರ್ಚಿನ ಹೆಚ್ಚಿನ ಪಾಲನ್ನು ಕೇಂದ್ರ ಸರ್ಕಾರ ಹೊತ್ತಿತು. ಒಂದು ಪಾಲು ಅದೇ ನದಿಯ ಅಣೆಕಟ್ಟುಗಳ ವಿದ್ಯುತ್ತಿನ ಆದಾಯದಿಂದ ಬಂತು. ಉಳಿದದ್ದನ್ನು ರೈತ ಕೊಟ್ಟ. ರೈತನಿಗೂ ತನ್ನದೇ ಲಾಭ ಕಂಡಿತು: ಕೂಲಿ ಉಳಿಯಿತು, ಕಳೆ ಕಡಿಮೆಯಾಯಿತು, ರಾತ್ರಿ ಎದ್ದು ಹೋಗಿ ನೀರು ತಿರುಗಿಸುವುದು ತಪ್ಪಿತು. 1995ರ ನಂತರ ಇನ್ನೊಂದು ಸುಧಾರಣೆಯಾಯಿತು. ಕಾಲುವೆ ಸಂಘಗಳೇ ಯೋಜನೆ ಬರೆದು ತರಬೇಕು, ಒಂದು ಟನ್ ಉಪ್ಪು ತಡೆಯಲು ಯಾರು ಕಡಿಮೆ ಖರ್ಚು ತೋರಿಸುತ್ತಾರೋ ಅವರಿಗೆ ಹಣ. ಹೀಗಾಗಿ ಹಣ ಪ್ರಚಾರಕ್ಕೆ ಹೋಗದೆ ಉಪ್ಪು ಹೆಚ್ಚಿರುವ ಕಡೆಗೆ ಹೋಯಿತು.

ಎಲ್ಲವೂ ಸುಸೂತ್ರ ಎಂದೂ ತಿಳಿಯಬೇಡಿ. ಕಾಲುವೆಯ ಸೋರಿಕೆ ನಿಂತರೆ ಅದನ್ನೇ ನಂಬಿ ಬೆಳೆದ ಮರಗಳು, ಜೌಗುಗಳು ಒಣಗುತ್ತವೆ. ಹಾಗಾಗಿ ಕಳೆದುಹೋದ ವನ್ಯನೆಲೆಗೆ ಬದಲಿ ನೆಲೆ ಒದಗಿಸಬೇಕೆಂದು ಅಲ್ಲಿನ ಕಾಯಿದೆಯೇ ಹೇಳುತ್ತದೆ. ಇನ್ನೊಂದು ಎಚ್ಚರ: ನೀರು ಉಳಿಸುವ ಉತ್ಸಾಹದಲ್ಲಿ ಬೇರಿನ ಸುತ್ತಲ ಉಪ್ಪನ್ನು ತೊಳೆಯುವಷ್ಟು ನೀರನ್ನೂ ಕೊಡದಿದ್ದರೆ ಬೆಳೆಯೇ ಸೊರಗುತ್ತದೆ. ತೊಳೆಯುವುದಕ್ಕೆ ನೀರು ಬೇಕೇ ಬೇಕು, ಮುಳುಗಿಸುವುದಕ್ಕೆ ಬೇಡ. ಮೂರನೆಯದು: ಹನಿ ನೀರಾವರಿಯಿಂದ ಉಳಿದ ನೀರಿನಲ್ಲಿ ಹೊಸದಾಗಿ ಇನ್ನಷ್ಟು ಎಕರೆ ಬೆಳೆದರೆ ನದಿಗೆ ಮರಳುವ ನೀರು ಕುಗ್ಗುತ್ತದೆ, ಅಲ್ಲಿ ಉಳಿದ ಉಪ್ಪು ಮತ್ತೆ ಗಟ್ಟಿಯಾಗುತ್ತದೆ. ಉಳಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಇಡದ ಉಳಿತಾಯ ಅರ್ಧ ಉಳಿತಾಯ.

ಇನ್ನು ನಮ್ಮ ಕಡೆಗೆ ಬರೋಣ. ತುಂಗಭದ್ರಾ ಯೋಜನೆಯ ನೀರು 1953ರಲ್ಲಿ ಕಾಲುವೆಗೆ ಬಂದಾಗ, ಎಡದಂಡೆಯ ಹೆಚ್ಚಿನ ಭಾಗಕ್ಕೆ ನಿಗದಿಯಾಗಿದ್ದದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳು. ತಲೆಭಾಗದಲ್ಲಿ ಭತ್ತ ಬಂತು, ಹರಡಿತು. ಎರೆಭೂಮಿಯಲ್ಲಿ ನಿಂತ ನೀರು ಬಸಿದು ಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೆ ಬಂತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ರೈತರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ: ಮೊದಲು ಜವಳು, ಆಮೇಲೆ ಸವಳು, ಕೊನೆಗೆ ಬೆಳ್ಳಗೆ ಉಪ್ಪು ಕಟ್ಟಿದ ಬೀಳು. ಬಾಲದ ಕಡೆಯವರಿಗೆ ನೀರೇ ಇಲ್ಲ, ತಲೆಯ ಕಡೆಯವರಿಗೆ ನೀರೇ ಶಾಪ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿದೆ. ನೆಲದಡಿ ರಂಧ್ರಗಳ ಪೈಪು ಹೂತು ಉಪ್ಪುನೀರು ಬಸಿಯುವ ವಿಧಾನದಿಂದ ಕೆಟ್ಟ ಭೂಮಿ ಮತ್ತೆ ಬೆಳೆಗೆ ಬರುತ್ತದೆ ಎಂಬುದು ಹೊಲಗಳಲ್ಲೇ ಕಂಡಿದೆ. ಆದರೆ ವೆಲ್ಟನ್-ಮೊಹಾಕ್‌ನ ಪಾಠ ಇಲ್ಲಿ ನೆನಪಿರಬೇಕು. ಆ ಬಸಿನೀರು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಹೊಳೆಯ ಕೆಳಗೆ ಇನ್ನೊಬ್ಬ ರೈತನಿದ್ದಾನೆ, ಇನ್ನೊಂದು ರಾಜ್ಯವಿದೆ. ಆದ್ದರಿಂದ ಬಸಿಗಾಲುವೆಗಿಂತ ಮೊದಲು ಬಸಿನೀರನ್ನೇ ಕಡಿಮೆ ಮಾಡುವುದು ಒಳ್ಳೆಯದು. ನಮ್ಮಲ್ಲಿ ಕೆಲವು ರೈತರು ಈಗಾಗಲೇ ಆ ದಾರಿ ಹಿಡಿದಿದ್ದಾರೆ. ಕೆಸರುಗದ್ದೆ ಮಾಡಿ ನಾಟಿ ಹಾಕುವ ಬದಲು ಕೂರಿಗೆಯಿಂದ ಭತ್ತ ಬಿತ್ತುತ್ತಿದ್ದಾರೆ. ನೀರೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.

ಅಚ್ಚುಕಟ್ಟಿನ ರೈತರು ಈ ಹಂಗಾಮಿನಲ್ಲೇ ಮಾಡಬಹುದಾದ ಮೂರು ಕೆಲಸಗಳಿವೆ. ಒಂದು, ಹೊಲದ ಮೂಲೆಯಲ್ಲಿ ಆಳೆತ್ತರದ ಗುಂಡಿ ತೆಗೆದು ನೀರು ಎಷ್ಟು ಕೆಳಗಿದೆ ನೋಡಿ. ಬೇಸಿಗೆಯಲ್ಲೂ ನಾಲ್ಕೈದು ಅಡಿಯೊಳಗೇ ನೀರು ಕಂಡರೆ ನಿಮ್ಮ ಹೊಲ ಬೇಕಾದದ್ದಕ್ಕಿಂತ ಹೆಚ್ಚು ಕುಡಿಯುತ್ತಿದೆ, ಇಲ್ಲವೇ ಪಕ್ಕದ ಕಾಲುವೆ ಸೋರುತ್ತಿದೆ. ಎರಡು, ಹತ್ತಿರದ ಪ್ರಯೋಗಾಲಯದಲ್ಲಿ ಮಣ್ಣಿನ ಜೊತೆಗೆ ನೀರಿನ ಲವಣಾಂಶವನ್ನೂ ಪರೀಕ್ಷೆ ಮಾಡಿಸಿ. ಸವಳು ಕಣ್ಣಿಗೆ ಕಾಣುವ ಮೊದಲೇ ಅಲ್ಲಿನ ಅಂಕಿ ಹೇಳುತ್ತದೆ. ಮೂರು, ನೀರು ಬಳಕೆದಾರರ ಸಂಘದಲ್ಲಿ ಕೂತು, ನಿಮ್ಮ ತೂಬಿನ ಕೆಳಗಿನ ಹೊಲಗಾಲುವೆಯನ್ನು ಪೈಪಾಗಿ ಮಾಡುವ ಲೆಕ್ಕ ಹಾಕಿ.

ಆ ಲೆಕ್ಕ ನೋಡಿದಾಗ ಒಬ್ಬ ರೈತನ ಕೈಗೆ ಅದು ಮೀರಿದ್ದು ಎನಿಸಬಹುದು. ಅದು ನಿಜವೂ ಹೌದು. ಅದಕ್ಕೇ ಕೊಲರಾಡೊ ಕಣಿವೆಯಲ್ಲಿ ಕೆಳಗಿನವರ ಹಣ ಮೇಲಿನ ಹೊಲಕ್ಕೆ ಬಂತು. ನಮ್ಮಲ್ಲಿ ಹನಿ ನೀರಾವರಿಗೋ ಬಸಿಪೈಪಿಗೋ ಕೊಡುವ ಹಣವನ್ನು ರೈತನಿಗೆ ಮಾಡುವ ಉಪಕಾರ ಎಂದು ಕಡತದಲ್ಲಿ ಬರೆಯುತ್ತೇವೆ. ಅದನ್ನು ಹೊಳೆಯ ನಿರ್ವಹಣೆಯ ಖರ್ಚು ಎಂದು ಬರೆದರೆ, ಆ ನೀರು ಕುಡಿಯುವ ನಗರವೂ ಅದರಲ್ಲಿ ತನ್ನ ಪಾಲು ಕೊಡಬೇಕಾಗುತ್ತದೆ. ನ್ಯಾಯ ಅದೇ.